ಮೆಲ್ಲಗೆ, ಕಂಪ್ಯೂಟರ್ ಓದುತ್ತಿದೆ

ಮಾವನವರ ಹಳೆಯ ಕಂಪ್ಯೂಟರ್ ಒಂದು ಸಿಡಿಯ ಹಾಡುಗಳನ್ನು ತನ್ನೊಳಗೆ ಇಳಿಸಿಕೊಳ್ಳುವಷ್ಟರಲ್ಲಿ ಸೊಸೆ ಅಡುಗೆ ಮುಗಿಸಿ, ಬಟ್ಟೆ ಒಗೆದು, ಒಣಗಿಸಿ, ಮಡಚಿಯೂ ಇಟ್ಟಿರುತ್ತಾಳೆ. ಮಾವನವರ ಚಿಕಿತ್ಸೆಗಳಿಗೇನೂ ಬರವಿಲ್ಲ: ಸಿಡಿಯನ್ನು ಕನ್ನಡಕದ ಬಟ್ಟೆಯಿಂದ ಒರೆಸುತ್ತಾರೆ, ಕಂಪ್ಯೂಟರಿನ ಪಕ್ಕದ ಮುಚ್ಚಳ ಬಿಚ್ಚಿ ಟೇಬಲ್ ಫ್ಯಾನಿನ ಗಾಳಿ ಬಿಡುತ್ತಾರೆ, ಅದರ ಬೆನ್ನು ತಟ್ಟಿ "ಇನ್ನೊಂಚೂರು, ಮರಿ" ಎಂದು ಪುಸಲಾಯಿಸುತ್ತಾರೆ. ಯಾರಾದರೂ ಕೋಣೆಯಲ್ಲಿ ದಡದಡ ನಡೆದರೋ, ಮನೆಯಲ್ಲಿ ಪರೀಕ್ಷೆಗೆ ಕೂತ ಮಗುವಿದೆಯೇನೋ ಎಂಬಂತೆ, "ಮೆಲ್ಲಗೆ! ಓದ್ತಾ ಇದೆ" ಎಂದು ಗದರುತ್ತಾರೆ. ಇವತ್ತಂತೂ ಅದು ಮೂರನೇ ಹಾಡಿನ ನಡುವೆ ಸಿಕ್ಕಿಕೊಂಡು ಬೆಳಗಿನಿಂದ ಅಲ್ಲಾಡಿಲ್ಲ. ಸೊಸೆಗೆ ತಾಳ್ಮೆ ಕೆಟ್ಟಿತು. "ಮಾವ, ಗೀರು ಬಿದ್ದಿರೋ ಜಾಗಾನ ಮತ್ತೆ ಮತ್ತೆ ಓದೋದು ಬೇಡ ಅಂತ ಸೆಟ್ಟಿಂಗಲ್ಲಿ ಹೇಳಿಬಿಡಿ, ಐದು ನಿಮಿಷಕ್ಕೆ ಮುಗಿಯುತ್ತೆ. ಅರ್ಧ ಸೆಕೆಂಡ್ ಹೋದ್ರೆ ಯಾರಿಗೆ ಗೊತ್ತಾಗುತ್ತೆ?" ವಾದ್ಯಗೋಷ್ಠಿಯ ಹಿಂದಿನ ಸಾಲಿನಲ್ಲಿ ಮೂವತ್ತು ವರ್ಷ ನಿಂತು ಬಂದ ಮಾವನವರು ಸಿಡಿ ಡಬ್ಬಿಯ ಮೇಲಿನ ಹೆಸರುಗಳ ಮೇಲೆ ಬೆರಳಾಡಿಸಿದರು. ಅಲ್ಲಿ ಅವರ ಹೆಸರಿರಲಿಲ್ಲ. "ಆ ಅರ್ಧ ಸೆಕೆಂಡಲ್ಲೇ ಕಣಮ್ಮಾ ನಾನಿರೋದು," ಎಂದರು. "ಇಡೀ ಹಾಡಿಗೆ ಒಂದೇ ಸಲ ಗಂಟೆ ಬಾರಿಸಿದ್ದೆ." ಸೊಸೆ ಫ್ಯಾನನ್ನು ಕಂಪ್ಯೂಟರಿನ ಹತ್ತಿರಕ್ಕೆ ಇನ್ನಷ್ಟು ಸರಿಸಿ, ತುದಿಗಾಲಲ್ಲಿ ಹೊರಗೆ ನಡೆದಳು.