ಎತ್ತಿ ಕುಡಿದ ಬುರುಗಿನ ವೈನು

ಅಥವಾ ನಾವು ಅದನ್ನು ಕುಡಿದದ್ದು ದ್ರಾಕ್ಷಿಬಳ್ಳಿಯ ಚಾಟನಿ ಮುಗಿದ ದಿನವಲ್ಲ, ಮರುದಿನವೇನೋ. ಎರಡು ದಿನಗಳನ್ನು ಒಂದೇ ಮಧ್ಯಾಹ್ನಕ್ಕೆ ತುರುಕಿ ಮುಚ್ಚಳ ಹಾಕುವ ಚಾಳಿ ನನ್ನ ನೆನಪಿಗಿದೆ. ಆದ್ದರಿಂದ ಗೆಳೆಯರೇ, ನಾನು ಹೇಳಿದ್ದನ್ನು ಅರ್ಧ ನಂಬಿದರೆ ಸಾಕು. ಸ್ಟೀಲ್ ಲೋಟ ಮಾತ್ರ ಖಚಿತ.

ದೊಡ್ಡಪ್ಪನ ಮಗ, ನನ್ನ ಅಣ್ಣ, ಮಂಗಸೂಳಿಯ ಹತ್ತಿರ ದ್ರಾಕ್ಷಿ ಬೆಳೆಯುತ್ತಾನೆ. ಬಳ್ಳಿ ಸವರುವ ಚಾಟನಿಗೆ ಕೈಜೋಡಿಸಲೆಂದು ನಾನು ಚಿಕ್ಕೋಡಿಯಿಂದ ಹೋಗಿದ್ದೆ. ಅವನ ಹಣ್ಣು ಕೊಂಡ ವೈನ್ ಕಾರಖಾನೆಯವರು ಪ್ರೀತಿಯಿಂದ ಕೊಟ್ಟ ಬುರುಗಿನ ವೈನಿನ ಬಾಟಲಿ ಫ್ರಿಜ್ಜಿನಲ್ಲಿ ಮಜ್ಜಿಗೆಯ ಪಕ್ಕ ತಿಂಗಳುಗಟ್ಟಲೆ ಮಲಗಿತ್ತು. ಇಷ್ಟು ವರ್ಷ ದ್ರಾಕ್ಷಿ ಬೆಳೆದವನು ಅದರ ಈ ಅವತಾರವನ್ನು ಒಮ್ಮೆಯೂ ಸವಿದಿರಲಿಲ್ಲ.

ನಮ್ಮಲ್ಲಿ ಲೋಟಕ್ಕೆ ತುಟಿ ಹಚ್ಚಿದರೆ ಎಂಜಲು. ನೀರಾಗಲಿ, ಮಜ್ಜಿಗೆಯಾಗಲಿ, ಲೋಟವನ್ನು ಮೇಲೆತ್ತಿ, ತಲೆ ಹಿಂದಕ್ಕೆ ವಾಲಿಸಿ, ಗಂಟಲಿಗೆ ನೇರ ಧಾರೆ ಬಿಡುವುದು ರೂಢಿ. ಬಿಸಿಲಿನಿಂದ ಖಾಲಿ ಹೊಟ್ಟೆಯಲ್ಲಿ ಬಂದ ನಾವು ವೈನನ್ನೂ ಹಾಗೇ ಎತ್ತಿ ಕುಡಿದೆವು. ಗುಳ್ಳೆಗಳು ಅರ್ಧ ಹೊಟ್ಟೆಗೆ, ಅರ್ಧ ಮೂಗಿಗೆ ಹೋದವು. ಅಣ್ಣ ಮೂರು ಸಲ ಸೀನಿ, ಇದು ಬರೇ ಸೋಡಾ ಎಂದು ತೀರ್ಪು ಕೊಟ್ಟು ಮತ್ತೆ ಸುರಿದ. ಗುಳ್ಳೆಗಳು ಅಮಲನ್ನು ಬೇಗ ರಕ್ತಕ್ಕೆ ದಾಟಿಸುತ್ತವೆಂದು ಬಲ್ಲವರು ಹೇಳುತ್ತಾರೆ. ಅವರು ಹೇಳುವ ಮೊದಲೇ ನಮಗೆ ತಿಳಿಯಿತು. ಸ್ವಲ್ಪ ಹೊತ್ತಿಗೆ ಅಣ್ಣ ಚಾಟನಿಯ ಕತ್ತರಿಗೆ ಕೈಮುಗಿದು ಕ್ಷಮೆ ಕೇಳುತ್ತಿದ್ದ. ನನಗೆ ಅದು ಅತ್ಯಂತ ನ್ಯಾಯವಾಗಿ ಕಂಡಿತು.

ಆಗ ಫೋನು ಬಂತು. ಅತ್ತಿಗೆಯ ತಾಯಿ ಮಿರಜಿನ ಬಸ್ಸಿಳಿದು ಕಾಗವಾಡದಲ್ಲಿ ಕಾಯುತ್ತಿದ್ದರು. ಕಾರು ಅಂಗಳದಲ್ಲಿತ್ತು, ನಡೆಸಬೇಕಾದವರು ಈ ಸ್ಥಿತಿಯಲ್ಲಿದ್ದರು, ರಸ್ತೆ ತುಂಬ ಎರಡೆರಡು ಟ್ರೇಲರ್ ಎಳೆಯುವ ಕಬ್ಬಿನ ಟ್ರ್ಯಾಕ್ಟರುಗಳು. ಅತ್ತೆಯನ್ನು ಕಾಯಿಸುವುದೆಂದರೆ ಅಳಿಯನ ಮಾನದ ಪ್ರಶ್ನೆ. ಅಣ್ಣ ಕೀಲಿಗೆ ಕೈ ಚಾಚಿದ, ನಾನು ಬೇಡವೆಂದು ತಡೆದೆ. ಅತ್ತಿಗೆ ಕೀಲಿಯನ್ನು ಸೆರಗಿಗೆ ಗಂಟು ಹಾಕಿಕೊಂಡರು.

"ನಮ್ಮವ್ವ ಸ್ಟ್ಯಾಂಡಿನಾಗ ಒಂದು ತಾಸು ಕುಂತ್ರ ಸವದು ಹೋಗಂಗಿಲ್ಲ. ನೀವು ಟ್ರೇಲರ್ ಕೆಳಗ ಹೋದ್ರ ಆಕಿ ಯಾರ ಮನಿಗೆ ಬರಬೇಕ್ರಿ?"

ಆ ತಾಯಿ ಟಂಟಂ ರಿಕ್ಷಾ ಹಿಡಿದು ತಾವೇ ಬಂದರು. ಸಂಗತಿ ಕೇಳಿ, ಮೋರೆ ಗಂಟಿಕ್ಕುತ್ತಾರೆಂದುಕೊಂಡರೆ, ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿದರು.

"ಅಲ್ರೀ ಅಳಿಯಂದ್ರ, ನನಗೊಂದೀಟು ಉಳಿಸೀರೋ ಇಲ್ಲೋ?"

ಮೊದಲು ರೊಟ್ಟಿ, ಶೇಂಗಾ ಚಟ್ನಿ ಉಂಡರು. ಆಮೇಲೆ ಚಹಾ ಕಪ್ಪಿನ ಕೆಳಗಿಡುವ ಬಸಿಯಲ್ಲಿ ಒಂದಿಷ್ಟೇ ಹಾಕಿಸಿಕೊಂಡು, ನಡುನಡುವೆ ನೀರು ಕುಡಿಯುತ್ತ, ಊರ ಸುದ್ದಿ ಹೇಳುತ್ತ, ಅರ್ಧ ತಾಸು ಹೀರಿದರು. ಬಸಿಗೆ ತುಟಿ ಹಚ್ಚಿಯೇ ಕುಡಿಯುವುದು, ಎಂಜಲಿನ ಚಿಂತೆ ಅದಕ್ಕಿಲ್ಲ. ಮೂಗಿನಾಗ ಇರುವಿ ಹರದಂಗ ಆಕೈತಿ ಎಂದು ನಕ್ಕು, ಸಾಕೆಂದು ಬಸಿ ಬೋರಲು ಹಾಕಿದರು. ಕುಡಿತದ ಬಗ್ಗೆ ನಾನು ಕೇಳಿದ ಯಾವ ಉಪದೇಶವೂ ಆ ಬೋರಲು ಬಸಿಯಷ್ಟು ಸ್ಪಷ್ಟವಾಗಿರಲಿಲ್ಲ.

ಅಣ್ಣನನ್ನು ತಡೆದ ಜಾಣ ನಾನೆಂದು ಈ ಕತೆಯನ್ನು ಊರೆಲ್ಲ ಹೇಳಿಕೊಂಡು ತಿರುಗಿದ್ದೇನೆ. ಮೊನ್ನೆ ಅತ್ತಿಗೆಯ ಎದುರೂ ಹೇಳಿದೆ.

"ಕೀಲಿ ಕೇಳಿದವ್ರು ನೀವ್ರಿ," ಎಂದರು ಅವರು, ಹಪ್ಪಳ ಕರಿಯುತ್ತಲೇ. "ನಿಮ್ಮಣ್ಣ ಆಗಲೇ ಗೊರಕಿ ಹೊಡ್ಯಾಕತ್ತಿದ್ರು."

ಅಣ್ಣನನ್ನು ಕೇಳಿದರೆ, ಕತ್ತರಿ ತನ್ನನ್ನು ಕ್ಷಮಿಸಿತ್ತು ಎಂಬುದಷ್ಟೇ ಅವನಿಗೆ ನೆನಪು. ಕೀಲಿಯ ಕಡೆಗೆ ಚಾಚಿದ ಕೈ ನನಗೆ ಈಗಲೂ ಕಾಣುತ್ತದೆ: ಬಳ್ಳಿ ಗೀರಿದ ಕೆಂಪು ಗೆರೆಗಳು, ಉಗುರಿನಲ್ಲಿ ಮಣ್ಣು. ಅಂದು ಇಬ್ಬರ ಕೈಯೂ ಹಾಗೇ ಇತ್ತು. ಆ ಕೈ ಯಾರದೆಂದು ನನಗೆ ಗೊತ್ತಿಲ್ಲ.