ಊರಿನ ಮಾಲೀಕರು
ಸವಣೂರಿನ ಹೈಸ್ಕೂಲು ಮಾಸ್ತರು ಮುಬಶೀರ ಅವರ ಸಂಬಳ ಕೈಗೆ ಬರುವ ಮೊದಲೇ ತೆರಿಗೆ ಕಡಿತವಾಗುತ್ತದೆ. ಆದ್ದರಿಂದ ಊರೆಲ್ಲ ತಮ್ಮದೇ ಎಂಬುದು ಅವರ ವಾದ. ಬೀದಿದೀಪ ಹಗಲಲ್ಲೂ ಉರಿಯುತ್ತಿದ್ದರೆ ಪುರಸಭೆಗೆ ಫೋನು ಮಾಡಿ, "ನನ್ನ ರೊಕ್ಕ ಉರಿಯಾಕತ್ತೈತ್ರಿ" ಎನ್ನುತ್ತಾರೆ. ಹೊಸ ರಸ್ತೆಯ ಮೇಲೆ ಯಾರಾದರೂ ಎಲೆಅಡಿಕೆ ಉಗುಳಿದರೆ ತಮ್ಮ ಮೇಲೇ ಉಗುಳಿದಂತೆ ಅಂಗಿ ಒರೆಸಿಕೊಳ್ಳುತ್ತಾರೆ. ಚಹಾದಂಗಡಿಯಲ್ಲಿ ಎರಡು ಪಕ್ಷದವರು ಆ ರಸ್ತೆ ತಮ್ಮ ಸಾಹೇಬರು ಕೊಟ್ಟದ್ದೆಂದು ಜಗಳಕ್ಕೆ ನಿಂತರೆ, "ನಿಮ್ಮ ಸಾಹೇಬ್ರು ರಿಬ್ಬನ್ ಕತ್ತರಿಸ್ಯಾರ, ಕೊಟ್ಟಾಂವ ನಾ. ಈಗ ಚಹಾ ನೀವು ಕುಡಸ್ರಿ" ಎಂದು ಬೆಂಚಿನ ನಡುವೆ ಕೂರುತ್ತಾರೆ. ಇಂಥವರು ತಾಲ್ಲೂಕು ಆಸ್ಪತ್ರೆಯ ಡಯಾಲಿಸಿಸ್ ಕೋಣೆಯ ಮುಂದೆ ಮಾತ್ರ ದನಿ ತಗ್ಗಿಸಿ ನಿಲ್ಲುತ್ತಾರೆ. ಅವರ ಹೆಂಡತಿ ತಸ್ಲೀಮಾಗೆ ವರ್ಷಗಳಿಂದ ಅಲ್ಲಿ ಪುಕ್ಕಟೆ ಚಿಕಿತ್ಸೆ. ಹೋದಾಗಲೆಲ್ಲ ಮಾಸ್ತರು ಹೊರಗೆ ಕಾಯುತ್ತ ಕುಳಿತವರಿಗೆ ಬಾಯಾಡಿಸಲು ಸವಣೂರು ಖಾರದ ಪೊಟ್ಟಣ ಹಂಚುತ್ತಾರೆ. ಮೊನ್ನೆ ಹತ್ತಿಮತ್ತೂರಿನ ಮುದುಕಿ ಮಂಜವ್ವ, "ಈ ಮಷೀನೂ ನಿಮ್ಮ ರೊಕ್ಕದ್ದ ಏನ್ರಿ, ಮಾಸ್ತರ?" ಎಂದು ಕೆಣಕಿದಳು. ಮಾಸ್ತರು ಎರಡೂ ಕೈಯಲ್ಲಿ ಹಿಡಿದು ಅವಳಿಗೆ ಪೊಟ್ಟಣ ಕೊಟ್ಟರು. "ಅಲ್ಲಬೇ ಯವ್ವಾ. ಕಡ್ಡಿಪೆಟ್ಟಿಗಿ ತಗೊಂಡಾಗೆಲ್ಲಾ ನೀನೂ ಟ್ಯಾಕ್ಸ್ ಕಟ್ಟೀದಿ. ನಮ್ಮಾಕಿ ನಿಮ್ಮೆಲ್ಲಾರ ರೊಕ್ಕದಾಗ ಉಳದಾಳ."