ರೊಟ್ಟಿ ಸಪ್ಪಳದ ಎತ್ತರ

ಅವರ ಬೋರ್ಡಿನಲ್ಲಿ ‘ಇಂಟೀರಿಯರ್’ ಎಂದಿತ್ತು. ಕೊಟ್ಟೂರಿನವರು ಅದನ್ನು ‘ಇಂಜಿನಿಯರ್’ ಎಂದು ಓದಿಕೊಂಡು ಗಟಾರದ ದೂರನ್ನೂ ತರುತ್ತಿದ್ದರು. ಅವರು ತಿದ್ದುತ್ತಿರಲಿಲ್ಲ. ಹರಪನಹಳ್ಳಿವರೆಗೂ ಸ್ಕೂಟರಿನಲ್ಲಿ ತಿರುಗಿ, ಹಳೆಯ ಮಾಳಿಗೆ ಮನೆಗಳನ್ನು ಒಳಗಿನಿಂದ ಹೊಸದು ಮಾಡುವುದು ಅವರ ಕಸುಬು. ಯಾವ ಮನೆಗೆ ಹೋದರೂ ಅದೇ ಮಾತು: “ಒಡಿಯಾದು ಇದ್ದೇ ಐತಿ, ಮೊದ್ಲು ಚಾ ಕುಡಿಯಾಣ.”

ಒಡೆಯುವ ಮಾತೆತ್ತಿದರೆ ಗೋಡೆಗಿಂತ ಮೊದಲು ನನ್ನ ಎದೆ ಕುಸಿಯುತ್ತಿತ್ತು. ಆದರೆ ಅವ್ವನಿಗೆ ಮಂಡಿನೋವು; ನೆಲದ ಒಲೆಯ ಮುಂದೆ ಕೂತರೆ ಏಳಲಾಗುತ್ತಿರಲಿಲ್ಲ. ರೊಟ್ಟಿ ಬಡಿಯುವುದು ನಿಂತರೆ ತಾನೂ ಮೂಲೆ ಸೇರಿದಂತೆ ಎಂಬುದು ಅವಳ ಸಂಕಟ. ಅಡುಗೆಕಟ್ಟೆ ಕಟ್ಟಿಸೋಣವೆಂದರೆ, “ನಿಂತು ಅಡಿಗಿ ಮಾಡಾಕ ನಾನೇನು ಹೋಟೆಲ್ದಾಕೀನ?” ಎಂದಳು.

ನಮ್ಮ ಮನೆಗೆ ಬಂದ ‘ಇಂಜಿನಿಯರ್’ ಅಳತೆಯ ಟೇಪನ್ನು ಜೇಬಿನಿಂದ ತೆಗೆಯಲೇ ಇಲ್ಲ. ಇಟ್ಟಿಗೆ ಪೇರಿಸಿ, ಮೇಲೆ ಕಡಪ ಕಲ್ಲಿಟ್ಟು, “ರೊಟ್ಟಿ ಬಡೀರಿ ಅವ್ವಾರೆ, ಕೇಳ್ತೀನಿ” ಎಂದು ಕಣ್ಣು ಮುಚ್ಚಿದರು. ಎತ್ತರ ಹೆಚ್ಚಾಗಿ ಅವ್ವನ ಕೈಗೆ ಬಲ ಬರಲಿಲ್ಲ, ಸಪ್ಪಳ ಮೆತ್ತಗಿತ್ತು. ಒಂದು ಸಾಲು ಇಟ್ಟಿಗೆ ಇಳಿಸಿದರು. ಕಲ್ಲು ಜಾರೀತೆಂದು ನಾನು ಅಂಚು ಹಿಡಿದು ನಿಂತೆ.

“ಕೈ ಬಿಡ್ರಿ ಸ್ವಲ್ಪ. ಸಪ್ಪಳ ಕೆಡ್ತೈತಿ.”

ಬಿಟ್ಟೆ. ಕಲ್ಲು ಬೀಳಲಿಲ್ಲ. ಅವ್ವ ಓಣಿಗೆಲ್ಲ ಕೇಳುವಂತೆ ಪಟಪಟನೆ ಬಡಿದಳು. ಅವರು ಕಣ್ಣು ತೆರೆದು, ಗೋಡೆಯ ಮೇಲೆ ಆ ಎತ್ತರಕ್ಕೆ ಸೀಮೆಸುಣ್ಣದ ಗೆರೆ ಎಳೆದರು.

“ಚಾ ಆಮ್ಯಾಲೆ ಇಂಜಿನಿಯರ್ರೇ,” ಎಂದಳು ಅವ್ವ, ಹಿಟ್ಟಿನ ಕೈ ಕೊಡವುತ್ತ. “ಮೊದ್ಲು ರೊಟ್ಟಿ ತಿನ್ರಿ. ಒಡಿಯಾದು ಇದ್ದೇ ಐತಿ.”